ಬೆರಳೊತ್ತದ ಗಡಿಗೆ

ನಮ್ಮ ಕಡೆ ಓದು ಬಾರದವರನ್ನು ಹೆಬ್ಬೆಟ್ಟು ಅನ್ನುತ್ತಾರೆ. ಸಹಿ ಹಾಕಲು ಬರುವುದಿಲ್ಲ, ಕಾಗದದ ಮೇಲೆ ಹೆಬ್ಬೆರಳು ಒತ್ತುವವರು ಅಂತ. ನಾನೂ ಆ ಮಾತನ್ನು ಚಿಕ್ಕಂದಿನಿಂದ ಎಗ್ಗಿಲ್ಲದೆ ಆಡಿದವಳೇ. ಈಗ ಆ ಪದ ಬಾಯಿಗೆ ಬಂದರೆ ನನ್ನ ಬಲಗೈ ತಿರುಗಿಸಿ ನೋಡಿಕೊಳ್ಳುತ್ತೇನೆ. ಯಾಕೆ ಅನ್ನುವುದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು, ನಾನೇ ಎಷ್ಟೋ ದಿನ ನಕ್ಕಿದ್ದೇನೆ.

ನಾನು ಸೆರಾಮಿಕ್ ಕೆಲಸದವಳು. ಹಗರಿಬೊಮ್ಮನಹಳ್ಳಿಯ ರೈಲ್ವೆ ಸ್ಟೇಷನ್ನಿನ ಹಿಂದೆ ನಮ್ಮಪ್ಪನ ಕಾಲದ ಒಂದು ಶೇಂಗಾ ಗೋದಾಮು ಖಾಲಿ ಬಿದ್ದಿತ್ತು. ಹೊರಗೆ ಹೋಗಿ ಡಿಸೈನ್ ಓದಿ, ಕೆಲವು ವರ್ಷ ಬೇರೆಯವರ ಸ್ಟುಡಿಯೋದಲ್ಲಿ ದುಡಿದು, ಮೂವತ್ತು ದಾಟಿದ ಮೇಲೆ ವಾಪಸು ಬಂದು ಆ ಗೋದಾಮಿನಲ್ಲಿ ಒಂದು ಗ್ಯಾಸಿನ ಭಟ್ಟಿ, ಒಂದು ಕರೆಂಟಿನ ಚಕ್ರ ಇಟ್ಟುಕೊಂಡು ಕೂತೆ. ಕೂಡ್ಲಿಗಿ ಕಡೆಯ ಕೆಂಪು ಮಣ್ಣಿಗೆ ಹಡಗಲಿ ರಸ್ತೆಯ ಕೆರೆಯ ಕರಿಮಣ್ಣು ಸೇರಿಸಿ ಸುಟ್ಟರೆ ಹಳೇ ಬೆಲ್ಲದ ಬಣ್ಣ ಬರುತ್ತದೆ. ಆ ಬಣ್ಣ ಜನರಿಗೆ ಹಿಡಿಸಿತು. ಬೆಂಗಳೂರಿನ ಅಂಗಡಿಗಳು, ಹಂಪಿ ಕಡೆಯ ರೆಸಾರ್ಟುಗಳು, ಫೋನಿನಲ್ಲಿ ಫೋಟೋ ನೋಡಿ ಕೇಳುವ ಅಪರಿಚಿತರು, ಹೀಗೆ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ನಮ್ಮವ್ವನಿಗೆ ಮಾತ್ರ ಇವತ್ತಿಗೂ ಇದು ನುಂಗಲಾರದ ತುತ್ತು. 'ಡಿಸೈನ್ ಕಲಿಯಾಕ ಕಳಿಸಿದ್ರ ಇಕಿ ಬಂದು ಕೆಸರಾಗ ಕುಂತಾಳ' ಅಂತ ಬಂದವರ ಮುಂದೆಲ್ಲ ಹೇಳುತ್ತಾಳೆ.

ಚಕ್ರದ ಮೇಲೆ ಬಟ್ಟಲು ಎತ್ತುವುದು ಕೆಲಸದ ಅರ್ಧ ಭಾಗ ಅಷ್ಟೇ. ನೋಡುವವರು ಅದನ್ನೇ ಕೆಲಸ ಅಂದುಕೊಂಡು ವಿಡಿಯೋ ಮಾಡಿಕೊಂಡು ಹೋಗುತ್ತಾರೆ. ಬಟ್ಟಲು ಅರ್ಧ ಒಣಗಿದಾಗ ಅದನ್ನು ಬೋರಲು ಹಾಕಿ ಅಡಿ ಕೆತ್ತಬೇಕು, ಅಂಚು ಸವರಬೇಕು. ಸ್ವಲ್ಪ ತಡವಾದರೆ ಮಣ್ಣು ಬಿಗಿಯುತ್ತದೆ, ಬೇಗ ಮಾಡಿದರೆ ಸೊಟ್ಟಗಾಗುತ್ತದೆ. ಎಂಬತ್ತು ಬಟ್ಟಲು ಎತ್ತಿದ ದಿನ ಆ ಎಂಬತ್ತೂ ಒಂದೇ ಹೊತ್ತಿಗೆ ಹದಕ್ಕೆ ಬರುತ್ತವೆ. ಒಬ್ಬಳ ಕೈ ಸಾಲುವುದಿಲ್ಲ. ಕುಂಬಾರರ ಓಣಿಯಲ್ಲಿ ಯಾರಾದರೂ ಸಿಗುತ್ತಾರೇನೋ ಅಂತ ಹೇಳಿಕಳಿಸಿದೆ.

ಬಂದವಳು ಅರವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಕ್ಕನ ಮಗನ ಮನೆಯಲ್ಲಿದ್ದಳು. ನಾನು ಅಜ್ಜಿ ಅಂದೆ. ಅವಳಿಗೆ ಸಿಟ್ಟೇ ಬಂತು.

'ಯಾರಿಗೆ ಅಜ್ಜಿ ಅಂತೀಯವಾ? ನಿಮ್ಮವ್ವಗಿಂತ ಸಣ್ಣಾಕಿ ನಾ. ಅನ್ನೂದಿದ್ರ ಚಿಗವ್ವ ಅನ್ನು.'

ಹಾಗೆ ಅವಳು ನನಗೆ ಚಿಗವ್ವ ಆದಳು, ಅವ್ವನ ತಂಗಿಯ ಸಮಾನ. ಅವಳ ಮನೆತನದಲ್ಲಿ ಹೆಂಗಸರು ತಿಗರಿ ಮುಟ್ಟುತ್ತಿರಲಿಲ್ಲವಂತೆ. ತಿಗರಿ ಅಂದರೆ ಕುಂಬಾರನ ಚಕ್ರ. ಗಂಡಸರು ತಿರುಗಿಸಿ ಎತ್ತಿಕೊಟ್ಟದ್ದನ್ನು ಹೆಂಗಸರು ಒಳಗೆ ಒಂದು ಗುಂಡುಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಗಡಿಗೆ ಮಾಡುತ್ತಿದ್ದರು. ನನ್ನ ಕರೆಂಟಿನ ಚಕ್ರ ತಾನಾಗಿ ತಿರುಗುವುದನ್ನು ನೋಡಿ ಬೆರಗಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಬಗ್ಗಿ ಕೆಳಗೊಮ್ಮೆ ನೋಡಿ ಎದ್ದಳು.

'ಯಾರೂ ಇಲ್ಲದ ತಿರುಗೂ ತಿಗರಿ ನಾ ಮೊದ್ಲ ನೋಡೀನಿ ಬಿಡು' ಅಂದಳು.

ಹಳಬರ ಜಂಬ ಅಂದುಕೊಂಡೆ.

ಅವಳ ಕೈ ಬಿದ್ದ ಮೇಲೆ ನನ್ನ ಬಟ್ಟಲುಗಳಿಗೆ ಒಂದು ಕಳೆ ಬಂತು. ನಾನು ತಕ್ಕಡಿಯಲ್ಲಿ ತೂಗಿ ನೋಡುವುದನ್ನು ಅವಳು ಅಂಗೈ ಮೇಲೆ ಇಟ್ಟುಕೊಂಡು ಹೇಳುತ್ತಿದ್ದಳು. ಬಾಯಿಯೂ ಬಿಡುವಿಲ್ಲದೆ ನಡೆಯುತ್ತಿತ್ತು. ಬಟ್ಟಲಿಗೆ ಹೊಳಪು ಕೊಡುವ ನನ್ನ ಗ್ಲೇಜಿನ ಡಬ್ಬಿಗಳಿಗೆ ಅವಳು ಇಟ್ಟ ಹೆಸರು ಚಟ್ನಿ. ಗಿರಾಕಿಗಳು ಫೋನ್ ಮಾಡಿ ಇಂಗ್ಲಿಷಿನಲ್ಲಿ ಮಾತಾಡಿದರೆ, ನಾನು ಫೋನ್ ಇಟ್ಟ ಮೇಲೆ ಅದೇ ರಾಗದಲ್ಲಿ ಅರ್ಥವಿಲ್ಲದ ಮಾತಾಡಿ ನಗಿಸುತ್ತಿದ್ದಳು. ನಾನು ಮುಂಗೋಪದವಳು, ಅವಳ ಮುಂದೆ ಮಾತ್ರ ಆ ಸಿಟ್ಟು ಉಳಿಯುತ್ತಿರಲಿಲ್ಲ.

ಹೀಗಿರುವಾಗ ಬೆಂಗಳೂರಿನ ಒಂದು ಚಹಾ ಅಂಗಡಿಯವರು ಅರವತ್ತು ಬಟ್ಟಲು ಕೇಳಿದರು. ಮಾದರಿಗೆ ಕಳಿಸಿದ್ದ ಬಟ್ಟಲಿನ ಅಡಿಯ ಫೋಟೋ ತೆಗೆದು, ಒಂದು ಕಡೆ ಕೆಂಪು ವೃತ್ತ ಹಾಕಿ ವಾಪಸು ಕಳಿಸಿದ್ದರು. ಅಲ್ಲಿ ಹೆಬ್ಬೆರಳಿನಷ್ಟು ಒಂದು ಸಣ್ಣ ತಗ್ಗು. ಇದು ಡಿಫೆಕ್ಟ್, ಉಳಿದವು ಕ್ಲೀನ್ ಆಗಿರಲಿ ಅಂತ ಬರೆದಿದ್ದರು. ಆ ತಗ್ಗನ್ನು ನಾನು ಮೊದಲೇ ನೋಡಿದ್ದೆ. ಚಿಗವ್ವ ಹಸಿ ಬಟ್ಟಲು ಎತ್ತುವಾಗ ಜೋರಾಗಿ ಹಿಡಿಯುತ್ತಾಳೆ ಅಂದುಕೊಂಡಿದ್ದೆ. ಕೇಳಿದ್ದರೆ ಹೇಳುತ್ತಿದ್ದಳು, ನಾನು ಕೇಳಲಿಲ್ಲ. ಓದಿದವಳಿಗೆ ಎಲ್ಲವೂ ಗೊತ್ತಿರುತ್ತದಲ್ಲ.

ಆಗ ಅವಳು ಹರಪನಹಳ್ಳಿ ಕಡೆ ಒಂದು ಮದುವೆಗೆ ಹೋಗುವ ಗಡಿಬಿಡಿಯಲ್ಲಿದ್ದಳು. ಹೋಗುವ ಮುಂಚೆ ಎಂಬತ್ತು ಬಟ್ಟಲಿನ ಅಡಿ ಕೆತ್ತಿಕೊಟ್ಟು ಹೋದಳು. ಅರವತ್ತು ಅಂಗಡಿಗೆ, ಇಪ್ಪತ್ತು ಹೆಚ್ಚಿಗೆ. ಎಲ್ಲದರ ಅಡಿಯಲ್ಲೂ ಅದೇ ತಗ್ಗು. ನಾನು ಒದ್ದೆ ಸ್ಪಂಜು ತಗೊಂಡು ಒಂದೊಂದನ್ನೂ ಒರೆಸಿ ನುಣ್ಣಗೆ ಮಾಡಿದೆ. ಮಧ್ಯಾಹ್ನವೆಲ್ಲ ಹಿಡಿಯಿತು. ಕೆಲಸ ಅಚ್ಚುಕಟ್ಟಾಯಿತು ಅಂತ ಖುಷಿಪಟ್ಟೆ ಕೂಡ. ಒಮ್ಮೆ ಸುಟ್ಟು, ಗ್ಲೇಜ್ ಹಾಕಿ, ಮತ್ತೊಮ್ಮೆ ಸುಟ್ಟು, ಅರವತ್ತನ್ನು ಕಟ್ಟಿ ಪಾರ್ಸೆಲ್ ಕಳಿಸಿದೆ. ಮಿಕ್ಕ ಇಪ್ಪತ್ತು ಹಲಗೆಯ ಮೇಲಿದ್ದವು.

ಮದುವೆಗೆ ಹೋದವಳು ನೆಂಟರು ಬಿಡಲಿಲ್ಲವೆಂದು ಹದಿನೈದು ದಿನ ಅಲ್ಲೇ ಇದ್ದು ಬಂದಳು. ಬಂದ ದಿನ ಊಟವಾದ ಮೇಲೆ ಇಬ್ಬರೂ ಕೂತಿದ್ದೆವು. ಗೋದಾಮಿನ ತಗಡು ಬಿಸಿಲಿಗೆ ಕಾದಿತ್ತು, ಹೊರಗೆ ಒಂದು ನಾಯಿಯೂ ಇರಲಿಲ್ಲ. ಹಲಗೆಯ ಮೇಲಿಂದ ಟಿಣ್ ಅಂತ ಒಂದು ಸಣ್ಣ ದನಿ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಣ್. ಆಮೇಲೆ ಬೇರೆ ಮೂಲೆಯಿಂದ ಎರಡು.

ಚಿಗವ್ವ ಕಿವಿ ಎತ್ತಿದಳು. ನಾನು ಮೇಷ್ಟರ ಹಾಗೆ ವಿವರಿಸಿದೆ. ಒಳಗಿನ ಮಣ್ಣು ಒಂದಷ್ಟು ಕುಗ್ಗುತ್ತದೆ, ಮೇಲಿನ ಗ್ಲೇಜ್ ಗಾಜಿದ್ದ ಹಾಗೆ, ಅದು ಬೇರೆ ಲೆಕ್ಕದಲ್ಲಿ ಕುಗ್ಗುತ್ತದೆ. ಎರಡಕ್ಕೂ ಹೊಂದಾಣಿಕೆ ಆಗದೆ ಗ್ಲೇಜಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಆಗ ಈ ಸಪ್ಪಳ. ಭಟ್ಟಿಯಿಂದ ತೆಗೆದು ವಾರಗಳಾದರೂ ಬರಬಹುದು, ಹೆದರುವಂಥದ್ದೇನಿಲ್ಲ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು.

'ಅದು ಖರೆ ಇರಬೇಕು' ಅಂದಳು. 'ಆದ್ರ ಯಾರನ್ನ ಕರೀತಾವ?'

ನಾನು ನಕ್ಕೆ. ಅವಳು ಎದ್ದು ಹೋಗಿ ಒಂದು ಬಟ್ಟಲು ತೆಗೆದು ಬೋರಲು ಮಾಡಿ ಅಡಿಯ ಮೇಲೆ ಹೆಬ್ಬೆರಳು ಆಡಿಸಿದಳು. ಇನ್ನೊಂದು ತೆಗೆದಳು. ಇಪ್ಪತ್ತನ್ನೂ ತಿರುವಿಹಾಕಿದ ಮೇಲೆ ಅಲ್ಲೇ ನೆಲದ ಮೇಲೆ ಕೂತಳು. ಮುಖ ಇಳಿದುಹೋಗಿತ್ತು.

'ಯಾರು ಒರಸಿದ್ದು?'

'ನಾನೇ ಚಿಗವ್ವಾ.'

'ಎಷ್ಟು?'

'ಎಂಬತ್ತೂ ಒರೆಸಿದೆ. ಅರವತ್ತು ಹೋದವು.'

ಅವಳು ಹಣೆಗೆ ಕೈ ಹಚ್ಚಿಕೊಂಡಳು. ಆಮೇಲೆ ಹೇಳಿದಳು. ಅವಳ ತವರು ನೀಲಗುಂದದ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವರ ಒಂದೇ ಮನೆತನದಲ್ಲಿದ್ದ ಪದ್ಧತಿ ಇದು. ಇಲ್ಲಿಯ ಓಣಿಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ.

'ಬದುಕಿರೋರು ಬಳಸೂ ಪಾತ್ರಿಗಿ ಹಸಿ ಇದ್ದಾಗನ ಅಡಿಗಿ ಬೆರಳು ಒತ್ತಬೇಕು ಮಗಳ. ಅದು ಅವ್ರನ್ನ ಹಿಡ್ಕೊಂಡಿರತೈತಿ. ಸತ್ತೋರಿಗೆ ಒಯ್ಯೂ ಗಡಗಿಗಿ ಮಾತ್ರ ಒತ್ತಂಗಿಲ್ಲ. ಹೋಗೋರನ್ನ ಹಿಡೀಬಾರದಲ್ಲ. ನೀ ಎಂಬತ್ತು ಜನಕ್ಕ ಸತ್ತೋರ ಪಾತ್ರಿ ಮಾಡಿಟ್ಟಿ.'

ಹಲಗೆಯ ಮೇಲಿಂದ ಮತ್ತೆ ಟಿಣ್ ಅಂತು. ಕಾರಣ ಗೊತ್ತಿದ್ದರೂ ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಸುಳ್ಳು ಯಾಕೆ ಹೇಳಲಿ.

'ಅಂಗಡಿಯಲ್ಲಿ ಸಿಗುವ ಕಪ್ಪು, ಬಸಿ ಎಲ್ಲ ಮಿಷನ್ನಿನಲ್ಲಿ ಮಾಡಿದ್ದು ಚಿಗವ್ವಾ. ಅದಕ್ಕೆಲ್ಲ ಯಾರು ಬೆರಳು ಒತ್ತಿರುತ್ತಾರೆ?' ಅಂತ ವಾದ ಮಾಡಿದೆ.

'ಅದ ಅಂತೀನಿ' ಅಂದಳು. 'ಊರ ತುಂಬ ಅವ ಅದಾವ. ಎಲ್ಲಾರೂ ಅದರಾಗ ಕುಡೀತಾರ.'

ಅವತ್ತೇ ಅವಳ ಗಂಡನ ವಿಷಯವೂ ಬಂತು. ಅವನು ತೀರಿಕೊಂಡಾಗ ಮನೆಯಲ್ಲಿ ಬೆರಳೊತ್ತದ ಗಡಿಗೆ ಇರಲಿಲ್ಲ. ಒಂದನ್ನು ಹೊಸದಾಗಿ ತಟ್ಟಿ, ಒಣಗಿಸಿ, ಸುಡುವಷ್ಟು ಹೊತ್ತು ಯಾರ ಹೆಣ ಕಾಯುತ್ತದೆ? ಮಾರಲು ಇಟ್ಟಿದ್ದ ಒಂದು ಗಡಿಗೆಯನ್ನು ಯಾರೋ ಎತ್ತಿಕೊಂಡು ಹೋದರು. ಅದರ ಅಡಿಯಲ್ಲಿ ಇವಳ ಹೆಬ್ಬೆರಳು ಇತ್ತು. ಇವಳಿಗೆ ಗೊತ್ತಿತ್ತು. ಅಳುತ್ತ ಕೂತವಳು ಬಾಯಿ ಬಿಡಲಿಲ್ಲ. ಮೂರು ದಿನವಾದ ಮೇಲೆ ಹಿತ್ತಲಿನಲ್ಲಿ ತಿಗರಿ ತಿರುಗುವ ಸಪ್ಪಳ ಕೇಳಿಸಿತು. ಹೋಗಿ ನೋಡಿದರೆ ಕಲ್ಲಿನ ಚಕ್ರ ನಿಧಾನಕ್ಕೆ ತಿರುಗುತ್ತಿತ್ತು, ಹತ್ತಿರ ಯಾರೂ ಇರಲಿಲ್ಲ. ದಿನಾ ಅದೇ ಹೊತ್ತಿಗೆ, ಅವನು ಉಂಡು ಕೆಲಸಕ್ಕೆ ಕೂರುತ್ತಿದ್ದ ಹೊತ್ತಿಗೆ. ಹನ್ನೊಂದು ವರ್ಷ ತಿರುಗಿತಂತೆ. ಇವಳು ಅದಕ್ಕೆ ಹೊಂದಿಕೊಂಡು ಅದರ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಕೊನೆಗೆ ಒಂದು ದಿನ ತಾನೇ ಎದ್ದು, ಇನ್ನು ಹೋಗು ಅಂದಳು. ಅವತ್ತಿಗೆ ನಿಂತಿತು.

'ಅವ ಹೋಗ್ಲಿಲ್ಲ ಅಂತಲ್ಲ ಮಗಳ' ಅಂದಳು. 'ನಾ ಬಿಡ್ಲಿಲ್ಲ. ಅವಂಗ ಎಷ್ಟು ಸುಸ್ತಾಗಿತ್ತೋ ಏನೋ.'

ಮೂರನೇ ವಾರ ಪಾರ್ಸೆಲ್ ವಾಪಸು ಬಂತು. ಆ ಚಹಾ ಅಂಗಡಿ ಬಾಗಿಲು ಹಾಕಿತ್ತು, ಫೋನೂ ಎತ್ತಲಿಲ್ಲ. ನಾನು ಎಷ್ಟು ಜೋಪಾನ ಮಾಡಿ ಕಟ್ಟಿದರೂ ಪ್ರತಿ ಸಲ ಐದಾರು ಒಡೆಯುತ್ತವೆ. ಈ ಸಲ ಹೋಗಿ ಬಂದು, ಎರಡು ಸಲ ಲಾರಿಯಲ್ಲಿ ಕುಲುಕಾಡಿಯೂ ಅರವತ್ತರಲ್ಲಿ ಒಂದೂ ಒಡೆದಿರಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಒಳಗಿನಿಂದ ಟಿಣ್ ಟಿಣ್ ಅಂದವು. ಮೊದಲ ಸಲ ನನಗೆ ನನ್ನ ಕೈಯಾರೆ ಮಾಡಿದ ವಸ್ತುವನ್ನು ಮುಟ್ಟಲು ಹೆದರಿಕೆಯಾಯಿತು.

ಸುಟ್ಟ ಮಣ್ಣು ಬೆರಳು ಹಿಡಿಯುವುದಿಲ್ಲ. ಒಡೆಯುವುದೊಂದೇ ದಾರಿ ಅಂದಳು ಚಿಗವ್ವ, ಆದರೆ ಒಡೆಯಲು ಅವಳ ಕೈ ಬರಲಿಲ್ಲ. ಎಂಬತ್ತನ್ನೂ ನಾನೇ ಒಂದೊಂದಾಗಿ ಗೋಣಿಚೀಲಕ್ಕೆ ಹಾಕಿ ಸುತ್ತಿಗೆಯಲ್ಲಿ ಬಡಿಯುತ್ತ ಬಂದೆ. ಇನ್ನೇನು ಕೊನೆಯದು ಅನ್ನುವಾಗ ಅವಳು ಕೈ ಚಾಚಿ ಅದನ್ನು ತಗೊಂಡಳು. 'ಇದು ನನಗಿರ್ಲಿ' ಅಂದಳು. ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ಅವತ್ತಿನಿಂದ ಅವಳ ಚಹಾ ಅದರಲ್ಲೇ.

ಆಮೇಲೆ ಒಂದು ದಿನ ಅದೇ ಬಟ್ಟಲು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಎದುರಿಗೆ ಕೂರಿಸಿಕೊಂಡಳು.

'ನನ್ನ ಗಡಗಿ ನೀನ ಮಾಡಬೇಕು. ಅಕ್ಕನ ಮಗಗ ಮಣ್ಣಿನ ಕೆಲಸ ಗೊತ್ತಿಲ್ಲ, ಬಜಾರದಾಗಿಂದು ಯಾವ್ದರ ತರ್ತಾನ. ಬಜಾರದ್ದು ಬ್ಯಾಡ, ಅದರ ಅಡಿಗಿ ಯಾರ ಬೆರಳು ತಾಕಿರತೈತೋ ಯಾರಿಗೆ ಗೊತ್ತು. ನೀ ಮಾಡು, ಬೆರಳು ಒತ್ತಬ್ಯಾಡ. ನಾ ಹೋಗಬೇಕವಾ. ಪೂರ್ತಿ ಹೋಗಬೇಕು. ಅವನಂಗ ಇಲ್ಲೇ ಸುತ್ತಾಕ ನನಗಾಗಂಗಿಲ್ಲ.'

'ಆಯ್ತು' ಅಂದೆ.

'ಆಯ್ತು ಅಂದ್ರ ಆಗ್ಲಿಲ್ಲ. ಮಣ್ಣು ಮುಟ್ಟಿ ಹೇಳು.'

ಎದುರಿಗೆ ಕಲಸಿಟ್ಟ ಮಣ್ಣಿತ್ತು. ಮುಟ್ಟಿ ಹೇಳಿದೆ.

ಅಲ್ಲಿಂದ ಮುಂದೆ ನನ್ನ ಬಟ್ಟಲುಗಳೆಲ್ಲ ಅಡಿಯಲ್ಲಿ ಅವಳ ಹೆಬ್ಬೆರಳು ಹೊತ್ತುಕೊಂಡೇ ಹೋದವು. ಡಿಫೆಕ್ಟ್ ಅಂದವರಿಗೆ ಬೇರೆ ಕಡೆ ತಗೊಳ್ಳಿ ಅಂದೆ. ವಿಚಿತ್ರ ಏನೆಂದರೆ ಆ ತಗ್ಗಿನಲ್ಲಿ ಗೆರೆಗಳಿರಲಿಲ್ಲ. ನಾನು ನೀವು ಹಸಿ ಮಣ್ಣಿಗೆ ಬೆರಳು ಒತ್ತಿದರೆ ಸುಳಿಸುಳಿ ಗೆರೆ ಮೂಡುತ್ತವೆ. ಅವಳದ್ದು ನುಣ್ಣಗೆ, ಹುಣಸೆಬೀಜ ಒತ್ತಿ ತೆಗೆದ ಹಾಗೆ. ಇದು ಯಾಕೆ ಅಂತ ರೇಷನ್ ಅಂಗಡಿಯಲ್ಲಿ ಗೊತ್ತಾಯಿತು. ಒಂದು ದಿನ ಅವಳ ಜೊತೆ ನಾನೂ ಹೋಗಿದ್ದೆ. ಅವಳು ಮಿಷನ್ನಿನ ಮೇಲೆ ಹೆಬ್ಬೆರಳು ಇಟ್ಟಳು, ಅದು ಕೆಂಪು ದೀಪ ತೋರಿಸಿತು. ಸೆರಗಿನಿಂದ ಒರೆಸಿ ಇಟ್ಟಳು, ಮತ್ತೆ ಕೆಂಪು. ಎಡಗೈ ಇಟ್ಟರೂ ಅಷ್ಟೇ.

'ಬೆರಳು ಬರವಲ್ದು ಬೇ' ಅಂದ ಅಂಗಡಿಯವನು.

'ಬೆರಳು ಐತಪಾ, ಗೆರಿ ಇಲ್ಲ' ಅಂದಳು. 'ಗೆರಿ ಎಲ್ಲಾ ಗಡಗಿಗಿ ಹೋಗ್ಯಾವ.'

ಸಾಲಿನಲ್ಲಿದ್ದವರು ನಕ್ಕರು. ಅಕ್ಕನ ಮಗನನ್ನು ಕರೆಸಿದೆವು, ಅವನ ಬೆರಳಿನ ಮೇಲೆ ಅಕ್ಕಿ ಬಂತು. ಹೊರಗೆ ಬಂದ ಮೇಲೆ ಅವಳು, 'ಆ ಮಿಷನ್ನಿನ ಪಾಲಿಗೆ ನಾ ಆಗ್ಲೇ ಹೋಗೀನಿ ನೋಡು' ಅಂತ ತಮಾಷೆ ಮಾಡಿದಳು. ನನಗೆ ನಗು ಬರಲಿಲ್ಲ.

ಐದು ವರ್ಷ ಹೀಗೆ ಒಟ್ಟಿಗೆ ಕೆಲಸ ಮಾಡಿದೆವು. ಒಂದು ಚಳಿಗಾಲದಲ್ಲಿ ಅವಳಿಗೆ ಉಬ್ಬಸ ಶುರುವಾಯಿತು. ಕೊಟ್ಟೂರಿಗೆ, ಆಮೇಲೆ ದಾವಣಗೆರೆಗೆ ಕರೆದುಕೊಂಡು ಹೋಗಿ ತೋರಿಸಿದೆವು. ಮನೆಯಲ್ಲೇ ನೋಡಿಕೊಳ್ಳಿ ಅಂದರು. ಹಾಸಿಗೆ ಹಿಡಿದ ಮೇಲೆ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು.

'ಗಡಗಿ ಮಾಡಿದಿ?'

ಮಾಡಲು ಕೂತೆ. ಗೋದಾಮಿನಲ್ಲಿ ನಾನೊಬ್ಬಳೇ. ಗಡಿಗೆಯ ಹೊಟ್ಟೆ ಅವಳು ತಟ್ಟುತ್ತಿದ್ದಷ್ಟು ದುಂಡಗೆ ಬರಲಿಲ್ಲ, ಆದರೂ ಪರವಾಗಿಲ್ಲ ಅನ್ನುವಂತೆ ಬಂತು. ಅರ್ಧ ಒಣಗಿದ ಮೇಲೆ ಮಡಿಲಲ್ಲಿ ಇಟ್ಟುಕೊಂಡು ಅಡಿ ಸವರಿದೆ. ಆ ಹೊತ್ತಿನಲ್ಲಿ ನನಗೆ ಏನಾಗಿತ್ತು ಅನ್ನುವುದನ್ನು ಈಗ ನೇರವಾಗಿ ಬರೆಯುತ್ತೇನೆ. ನನಗೆ ಅವಳು ಬೇಕಾಗಿದ್ದಳು. ಅವಳಿಲ್ಲದ ಆ ಗೋದಾಮು, ಅವಳ ಚಟ್ನಿ ಮಾತಿಲ್ಲದ ಮಧ್ಯಾಹ್ನ ನನಗೆ ಬೇಡವಾಗಿತ್ತು. ಹಂಪಿ ಕಡೆಯ ಒಂದು ದೊಡ್ಡ ರೆಸಾರ್ಟು ಊಟದ ಇಡೀ ಸೆಟ್ಟು ಕೇಳಿತ್ತು, ಅವಳ ಕೈಯಿಲ್ಲದೆ ಅದು ಆಗುವುದಿಲ್ಲ ಅನ್ನುವುದೂ ತಲೆಯಲ್ಲಿತ್ತು. ಇದರಲ್ಲಿ ಪ್ರೀತಿ ಎಷ್ಟು, ಸ್ವಾರ್ಥ ಎಷ್ಟು, ನನಗೆ ಗೊತ್ತಿಲ್ಲ.

ಬೆರಳು ಒತ್ತುವುದಿಲ್ಲ ಅಂತ ಮಣ್ಣು ಮುಟ್ಟಿದ್ದೆ, ಒತ್ತುವುದು ಅಂದರೆ ಅಡಿಯ ಹೊರಗೆ. ಹೊರಗೆ ಒತ್ತಲಿಲ್ಲ. ಗಡಿಗೆಯ ಬಾಯೊಳಗೆ ಕೈ ಇಳಿಸಿ, ಒಳಗಡೆ, ತಳದ ನಡುಮಧ್ಯೆ ನನ್ನ ಹೆಬ್ಬೆರಳು ಒತ್ತಿದೆ. ಮಾತಿಗೆ ತಪ್ಪಿಲ್ಲ ಅಂತ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಕೈ ಹೊರಗೆ ತೆಗೆಯುವಾಗ ಮಣ್ಣು ಒಂದು ಕ್ಷಣ ಬೆರಳನ್ನು ಬಿಡಲಿಲ್ಲ. ಹಸಿ ಮಣ್ಣು ಹಾಗೆ ಹೀರಿಕೊಳ್ಳುವುದು ಸಹಜ.

ಸುಟ್ಟ ಗಡಿಗೆಯನ್ನು ಅವಳ ಹಾಸಿಗೆಯ ಹತ್ತಿರ ಒಯ್ದೆ. ಅಕ್ಕನ ಮಗ ಅವಳನ್ನು ಎತ್ತಿ ಕೂರಿಸಿದ. ಅವಳು ಗಡಿಗೆಯನ್ನು ತೊಡೆಯ ಮೇಲೆ ಬೋರಲು ಹಾಕಿಸಿಕೊಂಡು, ಆ ಗೆರೆಯಿಲ್ಲದ ಬೆರಳಿನಿಂದ ಅಡಿಯನ್ನೆಲ್ಲ ತಡವಿದಳು. ಎರಡು ಸಲ ತಡವಿದಳು. ಒಳಗೆ ಕೈ ಹಾಕಬೇಕು ಅಂತ ಅವಳಿಗೆ ಹೊಳೆಯಲೇ ಇಲ್ಲ.

'ಏನೂ ಇಲ್ಲ' ಅಂದಳು. ಮುಖದಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ ನಾನು ಕಣ್ಣು ತಪ್ಪಿಸಿದೆ. 'ಚಂದ ಮಾಡೀದಿ ಮಗಳ. ಇನ್ನ ಹೋಗ್ತೀನಿ.'

ಆಗಲೇ ಹೇಳಬಹುದಿತ್ತು. ಇನ್ನೊಂದು ಮಾಡಿಕೊಡುವಷ್ಟು ದಿನಗಳಿದ್ದವು. ಎಂಟು ದಿನ ಇದ್ದಳು. ನಾನು ಎಂಟೂ ದಿನ ಹೋಗಿ, ಅವಳ ಕಾಲೊತ್ತಿ, ಹೇಳದೆ ಬಂದೆ. ಒಂಬತ್ತನೆಯ ದಿನ ಬೆಳಗಿನ ಚಹಾದ ಹೊತ್ತಿಗೆ ಹೋದಳು. ಅವಳ ಬಟ್ಟಲು ಚಹಾ ತುಂಬಿಕೊಂಡು ಪಕ್ಕದಲ್ಲೇ ಇತ್ತಂತೆ.

ಹೆಂಗಸರು ಸುಡುಗಾಡಿಗೆ ಹೋಗುವುದಿಲ್ಲ. ಅಲ್ಲಿ ನಡೆದದ್ದನ್ನು ಅಕ್ಕನ ಮಗ ತಿಥಿಯೆಲ್ಲ ಮುಗಿದ ಮೇಲೆ ಗೋದಾಮಿಗೆ ಬಂದು ಹೇಳಿದ. ನೀರು ತುಂಬಿದ ಗಡಿಗೆ ಹೆಗಲ ಮೇಲೆ ಹೊತ್ತು ಮೂರು ಸುತ್ತು, ಸುತ್ತಿಗೊಂದು ತೂತು, ಕೊನೆಗೆ ಹಿಂದೆ ನೋಡದೆ ಬೆನ್ನ ಹಿಂದಕ್ಕೆ ಬಿಡಬೇಕು.

'ಬಿಟ್ಟೆ ಅಕ್ಕಾರ. ಒಡದ ಸಪ್ಪಳ ಆಗ್ಲಿಲ್ಲ. ನೋಡಬಾರದು, ಆದ್ರ ನೋಡಿಬಿಟ್ಟೆ. ಉರುಳ್ಕೋಂತ ಹೋಗಿ ನಿಂತಿತ್ತು. ಹಿರೇರು ಕಲ್ಲು ಹಾಕಿ ಒಡದ್ರು. ಎಲ್ಲಾ ಚೂರಾತು, ತಳ ಮಾತ್ರ ಹಂಗ ಉಳೀತು. ಅದರಾಗ ಒಂದು ಬೆರಳು ಇತ್ರಿ. ಅದು ಯಾರದು?'

'ಗೊತ್ತಿಲ್ಲಪ್ಪಾ' ಅಂದೆ.

ಗಡಿಗೆಯ ತಳ ದಪ್ಪವಿರುತ್ತದೆ, ಬೇಗ ಒಡೆಯುವುದಿಲ್ಲ. ಅವನು ಹೋದ ಮೇಲೆ ನನಗೆ ನಾನೇ ಅದನ್ನು ಹೇಳಿಕೊಂಡೆ. ನಾಲ್ಕೈದು ಸಲ ಹೇಳಿಕೊಂಡೆ.

ರೆಸಾರ್ಟಿನ ಕೆಲಸಕ್ಕೆ ಒಬ್ಬಳೇ ಕೈ ಹಾಕಿದೆ. ಮೊದಲ ದಿನ ನಲವತ್ತು ಬಟ್ಟಲು ಎತ್ತಿ ಹಲಗೆಯ ಮೇಲೆ ಒಣಗಲು ಬಿಟ್ಟು, ಬೀಗ ಹಾಕಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಹದ ಮೀರುತ್ತದೇನೋ ಅಂತ ಓಡೋಡಿ ಬಂದೆ. ಬಟ್ಟಲುಗಳೆಲ್ಲ ಬೋರಲಾಗಿ ಸಾಲಾಗಿ ಕೂತಿದ್ದವು. ನಾನೇ ಬೋರಲು ಹಾಕಿ ಹೋಗಿದ್ದೆನೇ? ಹಾಕಿರಬಹುದು, ಕೈಗೆ ರೂಢಿಯಾದ ಕೆಲಸ ನೆನಪಿನಲ್ಲಿ ಉಳಿಯುವುದಿಲ್ಲ. ಒಂದನ್ನು ಎತ್ತಿ ಒಳಗೆ ನೋಡಿದೆ. ತಳದ ನಡುಮಧ್ಯೆ ಒಂದು ಹೆಬ್ಬೆರಳಿನ ತಗ್ಗು. ಅವಳು ಯಾವತ್ತೂ ಒತ್ತುತ್ತಿದ್ದ ಹೊರಗಿನ ಜಾಗದಲ್ಲಲ್ಲ, ನಾನು ಗಡಿಗೆಗೆ ಒತ್ತಿದ ಜಾಗದಲ್ಲಿ. ನಲವತ್ತರಲ್ಲೂ ಇತ್ತು. ಗೆರೆಗಳಿರಲಿಲ್ಲ.

ಚಕ್ರದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಹೆದರಿಕೆ ಅನ್ನುವುದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಚಿಗವ್ವಾ ಅಂತ ಒಮ್ಮೆ ಕರೆದೆ. ತಗಡು ಬಿಸಿಲಿಗೆ ಚಟಪಟ ಅಂತು, ಮತ್ತೇನೂ ಆಗಲಿಲ್ಲ. ಪಕ್ಕದಲ್ಲಿ ಹಸಿ ಮಣ್ಣಿನ ಉಂಡೆಯಿತ್ತು, ನನ್ನ ಹೆಬ್ಬೆರಳು ಒತ್ತಿ ನೋಡಿದೆ. ಗೆರೆಗಳು ಸ್ಪಷ್ಟವಾಗಿ ಮೂಡಿದವು. ಅವತ್ತು ಆ ಬಟ್ಟಲುಗಳನ್ನು ಒರೆಸಲಿಲ್ಲ. ಒರೆಸಲು ನನ್ನ ಕೈ ಏಳುತ್ತದೆಯೇ?

ಸುಟ್ಟು, ಗ್ಲೇಜ್ ಹಾಕಿ ಕಳಿಸಿದೆ. ರೆಸಾರ್ಟಿನವರು ಕುಣಿದಾಡಿದರು. ಚಹಾ ಕುಡಿದು ಮುಗಿಸಿದಾಗ ತಳದಲ್ಲಿ ಒಂದು ಬೆರಳಿನ ಗುರುತು ಕಾಣುತ್ತದೆ, ಯಾರೋ ಎದುರಿಗೆ ಕೂತಿದ್ದಾರೆ ಅನ್ನಿಸುತ್ತದೆ, ಎಂಥ ಡಿಸೈನ್ ಅಂತ ಬರೆದರು. ಹಿಂದೆ ಅದೇ ತಗ್ಗಿಗೆ ಡಿಫೆಕ್ಟ್ ಅಂತ ಕೆಂಪು ವೃತ್ತ ಬಿದ್ದಿತ್ತು. ಈಗ ಎಲ್ಲರೂ ಬೆರಳಿನ ಬಟ್ಟಲೇ ಬೇಕು ಅನ್ನುತ್ತಾರೆ. ಒಂದು ಪ್ರದರ್ಶನದಲ್ಲಿ ಈ ಐಡಿಯಾ ಹೇಗೆ ಹೊಳೆಯಿತು ಅಂತ ಕೇಳಿದರು. ನಮ್ಮ ಕಡೆಯ ಹಳೆಯ ಪದ್ಧತಿ ಅಂದೆ. ಅಷ್ಟು ನಿಜ.

ಎರಡು ವರ್ಷವಾಯಿತು, ಇವತ್ತಿಗೂ ಊಟ ಮುಗಿಸಿ ಬಂದರೆ ಬಟ್ಟಲುಗಳು ಬೋರಲಾಗಿ, ಒಳಗೆ ಬೆರಳು ಬಿದ್ದು ಕೂತಿರುತ್ತವೆ. ಕಳೆದ ತಿಂಗಳು ಹೊಸ ಸಿಮ್ ತಗೊಳ್ಳಲು ಅಂಗಡಿಗೆ ಹೋಗಿದ್ದೆ. ಮಿಷನ್ನಿನ ಮೇಲೆ ಹೆಬ್ಬೆರಳು ಇಡಲು ಹೇಳಿದರು. ಇಟ್ಟೆ, ಕೆಂಪು ದೀಪ ಬಂತು. ಒರೆಸಿ ಇಟ್ಟೆ, ಮತ್ತೆ ಕೆಂಪು. 'ಬೆರಳು ಬರ್ತಿಲ್ರಿ ಮೇಡಂ' ಅಂದ ಅಂಗಡಿಯವನು. ಬೀದಿಯ ಬೆಳಕಿಗೆ ಬಂದು ಬೆರಳು ನೋಡಿಕೊಂಡೆ. ನುಣ್ಣಗಿತ್ತು.

ಹಾಗಾದರೆ ಆ ಗುರುತುಗಳು ನನ್ನವೇ ಇರಬೇಕು. ಮಣ್ಣಿನ ಕೆಲಸದವರ ಗೆರೆ ಸವೆಯುತ್ತದೆ, ಕೈ ತನಗೆ ತಾನೇ ಒತ್ತುತ್ತದೆ, ಮನಸ್ಸಿಗೆ ತಿಳಿಯುವುದಿಲ್ಲ. ಎಲ್ಲದಕ್ಕೂ ಕಾರಣ ಸಿಕ್ಕಂತಾಯಿತು, ನೆಮ್ಮದಿಯಾಗಬೇಕಿತ್ತು. ಆದರೆ ಮೊದಲ ದಿನದ ಆ ನಲವತ್ತರ ಹೊತ್ತಿಗೆ ನನ್ನ ಗೆರೆಗಳಿನ್ನೂ ಇದ್ದವು.

ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಅವಳೇ ಹೇಳಿಕೊಟ್ಟು ಹೋಗಿದ್ದಾಳೆ. ಊಟದ ಹೊತ್ತಿಗೆ ಗೋದಾಮಿನಲ್ಲಿ ನಿಂತು, ಚಿಗವ್ವಾ ಇನ್ನು ಹೋಗು ಅನ್ನಬೇಕು, ಅಷ್ಟೇ. ಅವಳು ಹನ್ನೊಂದು ವರ್ಷ ತಗೊಂಡಳು. ನಾನು ಅಷ್ಟು ಮಾಡುವುದಿಲ್ಲ. ಪ್ರತಿ ಸಲ ಬೀಗ ತೆಗೆಯುವಾಗ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತೇನೆ, ಮಾತು ತುಟಿಯವರೆಗೂ ಬರುತ್ತದೆ. ಪಾಪ, ಅವಳಿಗೆ ಎಷ್ಟು ಸುಸ್ತಾಗಿದೆಯೋ.

ಹೇಳುತ್ತೇನೆ. ಆದರೆ ನಾಳೆ ಎಂಬತ್ತು ಬಟ್ಟಲಿನ ಅಡಿ ಕೆತ್ತುವುದಿದೆ, ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ.